ಚಂದ್ರನಿಗೆ ಹೊರಟವರ ಸಹಿ

ಕೇಳುಗರಿಗೆಲ್ಲ ನಮಸ್ಕಾರ.

ಗಗನಯಾತ್ರಿಗಳ ಸಹಿ ಇರುವ ಫೋಟೊ, ಅಂಚೆ ಕವರು ಕೂಡಿಡುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ನನಗೂ ಅದರ ಹುಚ್ಚಿದೆ. ಇವುಗಳಲ್ಲಿ ಯಾವುದು ದೊಡ್ಡದು ಅಂತ ಕೇಳಿದರೆ ನಾನು ಬೆಲೆ ನೋಡುವುದಿಲ್ಲ. ಆ ಸಹಿಯನ್ನು ಯಾಕೆ ಹಾಕಿದರು, ಯಾವ ಹೊತ್ತಿನಲ್ಲಿ ಹಾಕಿದರು ಅಂತ ನೋಡುತ್ತೇನೆ. ಹಾಗೆ ನೋಡಿದರೆ ಅಪೊಲೊ 11ರ ವಿಮೆ ಕವರುಗಳಿಗೆ ಸರಿಸಾಟಿ ಇಲ್ಲ.

1969ರ ಜುಲೈ ತಿಂಗಳು. ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್, ಮೈಕೆಲ್ ಕಾಲಿನ್ಸ್ ಚಂದ್ರನತ್ತ ಹೊರಟಿದ್ದರು. ಮೂವರೂ ಹೆಂಡತಿ ಮಕ್ಕಳಿದ್ದವರು. ತಿರುಗಿ ಬರದೇ ಹೋದರೆ ಮನೆಯವರ ಗತಿ ಏನು? ಇಂಥ ಪ್ರಯಾಣಕ್ಕೆ ದೊಡ್ಡ ಮೊತ್ತದ ಜೀವ ವಿಮೆ ಮಾಡಿಸೋಣವೆಂದರೆ, ಕಂತು ಕಟ್ಟಲು ಸರ್ಕಾರಿ ಸಂಬಳ ಸಾಲದು. ಅದಕ್ಕೆ ಬೇರೆ ದಾರಿ ಹುಡುಕಿದರು. ಹೊರಡುವ ಮುಂಚೆ, ಸೋಂಕು ತಗಲದ ಹಾಗೆ ಜನರಿಂದ ದೂರ ಇದ್ದಾಗ, ನೂರಾರು ಕವರುಗಳಿಗೆ ಮೂವರೂ ಸಹಿ ಹಾಕಿದರು. ಅವನ್ನು ನಂಬಿಕಸ್ಥರ ಕೈಗೆ ಒಪ್ಪಿಸಿದರು. ರಾಕೆಟ್ ಹಾರಿದ ಜುಲೈ 16ರಂದು ಕೆಲವಕ್ಕೆ, ಚಂದ್ರನ ಮೇಲೆ ಇಳಿದ ಜುಲೈ 20ರಂದು ಇನ್ನು ಕೆಲವಕ್ಕೆ ಅಂಚೆ ಮೊಹರು ಬಿತ್ತು. ಏನಾದರೂ ಅನಾಹುತವಾದರೆ ಮನೆಯವರು ಇವನ್ನು ಮಾರಿ ಬದುಕು ನಡೆಸಲಿ ಅನ್ನುವುದು ಅವರ ಯೋಚನೆ.

ತಾವು ಸತ್ತರೆ ಈ ಸಹಿಗೆ ಬೆಲೆ ಜಾಸ್ತಿ ಬರುತ್ತದೆ ಅಂತ ಗೊತ್ತಿದ್ದೇ ಪೆನ್ನು ಹಿಡಿದರಲ್ಲ, ಅದೇ ನನ್ನನ್ನು ಕಲಕುವುದು. ಜುಲೈ 24ರಂದು ಮೂವರೂ ಪೆಸಿಫಿಕ್ ಸಾಗರದಲ್ಲಿ ಸುರಕ್ಷಿತವಾಗಿ ಇಳಿದರು. ಕವರುಗಳನ್ನು ಮಾರುವ ಕಷ್ಟ ಬರಲಿಲ್ಲ. ಅಪೊಲೊ 16ರವರೆಗೂ ಈ ರೂಢಿ ನಡೆಯಿತು.

ಅಪೊಲೊ 15ರ ಕಥೆ ಬೇರೆ. 1971ರಲ್ಲಿ ಅದರ ಯಾತ್ರಿಗಳು ಅನುಮತಿ ಇಲ್ಲದ 398 ಕವರುಗಳನ್ನು ಗುಟ್ಟಾಗಿ ಚಂದ್ರನವರೆಗೂ ಒಯ್ದರು. ನೂರು ಕವರು ಜರ್ಮನಿಯ ಒಬ್ಬ ಅಂಚೆಚೀಟಿ ವ್ಯಾಪಾರಿಗೆ ಹೋದವು. ಸಿಗಬೇಕಿದ್ದ ಹಣ ಮಕ್ಕಳಿಗಾಗಿ. ಕೊನೆಗೆ ಹಣ ಬೇಡ ಅಂದರು. ಆದರೂ ಮೂವರಲ್ಲಿ ಯಾರಿಗೂ ಮತ್ತೆ ಬಾಹ್ಯಾಕಾಶಕ್ಕೆ ಹೋಗಲು ಆಗಲಿಲ್ಲ. ತಪ್ಪು ತಪ್ಪೇ. ಆದರೆ ಶಿಕ್ಷೆ ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ.

ಇನ್ನು ಆರ್ಮ್‌ಸ್ಟ್ರಾಂಗ್. ಕೇಳಿದವರಿಗೆಲ್ಲ ಅವರು ವರ್ಷಗಟ್ಟಲೆ ಪುಕ್ಕಟೆಯಾಗಿ ಸಹಿ ಹಾಕಿ ಕೊಟ್ಟರು. ಅದನ್ನು ಜನ ಮಾರಿಕೊಳ್ಳುತ್ತಿದ್ದಾರೆ ಅಂತ ತಿಳಿದು 1994ರ ಹೊತ್ತಿಗೆ ನಿಲ್ಲಿಸಿಬಿಟ್ಟರು. ಬೆಲೆ ಏರಿತು, ನಕಲಿ ಸಹಿಗಳ ಹಾವಳಿಯೂ ಏರಿತು. ಇದಲ್ಲದೆ ಯಂತ್ರದ ಸಹಿ ಬೇರೆ ಇದೆ. ಅಭಿಮಾನಿಗಳ ಪತ್ರಗಳು ರಾಶಿ ಬೀಳುತ್ತಿದ್ದ ಕಾಲದಲ್ಲಿ ನಾಸಾದವರು ಆಟೊಪೆನ್ ಅನ್ನುವ ಯಂತ್ರ ಬಳಸುತ್ತಿದ್ದರು. ಒಂದು ಅಚ್ಚನ್ನು ಅನುಸರಿಸಿ ಪೆನ್ನು ತಾನೇ ಓಡುತ್ತದೆ. ಶಾಯಿ ನಿಜವಾದದ್ದೇ, ಕೈ ಮಾತ್ರ ಯಾತ್ರಿಯದಲ್ಲ.

ಇದನ್ನು ಪತ್ತೆಹಚ್ಚುವುದು ಹೇಗೆ? ಮನುಷ್ಯ ಎರಡು ಸಲ ಒಂದೇ ಥರ ಸಹಿ ಹಾಕಲಾರ, ಅಲ್ವಾ? ನಿಮ್ಮಲ್ಲಿರುವ ಸಹಿಯನ್ನು ಗೊತ್ತಿರುವ ಯಂತ್ರದ ಸಹಿಯ ಮೇಲಿಟ್ಟು ನೋಡಿ. ಗೆರೆಗೆ ಗೆರೆ ಕೂಡಿದರೆ ಅದು ಯಂತ್ರದ್ದೇ. ಕೊಳ್ಳುವಾಗ ಮಾರುವವರನ್ನು ಕೇಳಿ: ಇದು ಮೊದಲು ಯಾರ ಕೈಗೆ ಬಂತು, ಅದಕ್ಕೆ ಕಾಗದ ಪತ್ರ ಇದೆಯಾ? ಸರಿಯಾದ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ಸಿಕ್ಕಿತೋ, ಕೊಂಡು ತನ್ನಿ. ಆದರೆ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಆ ಕಾಲದ ಸ್ಕೆಚ್ ಪೆನ್ನಿನ ಶಾಯಿ ಬೆಳಕಿಗೆ ಬಹಳ ಬೇಗ ಮಾಸುತ್ತದೆ.

ನಮಸ್ಕಾರ.