ಬ್ರೇಕ್ ಕಲ್ಲಾಯಿತೇ? ಮೊದಲು ಪಂಪ್ ನೋಡಿ

ಕೇಳುಗರಿಗೆ ನಮಸ್ಕಾರ. ಹದಿನೈದಿಪ್ಪತ್ತು ವರ್ಷ ಹಳೆಯ ಡೀಸೆಲ್ ಕಾರಿನಲ್ಲಿ ಇವತ್ತಿಗೂ ಘಟ್ಟ ಹತ್ತಿ ಇಳಿಯುವವರಿದ್ದೀರಲ್ಲ, ಈ ಮಾತು ನಿಮಗೇ.

ಪೆಟ್ರೋಲ್ ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಅಂತ ಒಂದು ಬಾಗಿಲಿದೆ. ಅದು ಮುಚ್ಚಿಕೊಂಡಾಗ ಒಳಗೆ ವ್ಯಾಕ್ಯೂಮ್, ಅಂದರೆ ಗಾಳಿ ಕಡಿಮೆಯಾದ ಸೆಳೆತ, ತನ್ನಷ್ಟಕ್ಕೆ ಹುಟ್ಟುತ್ತದೆ. ಹಳೆಯ ಡೀಸೆಲ್‌ಗೆ ಆ ಬಾಗಿಲೇ ಇಲ್ಲ. ಹಾಗಾಗಿ ಎಷ್ಟೋ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬೆನ್ನಿಗೆ ಒಂದು ಪುಟ್ಟ ವ್ಯಾಕ್ಯೂಮ್ ಪಂಪ್ ಕೂರಿಸಿರುತ್ತಾರೆ. ಅದು ಗಾಳಿ ಎಳೆದರಷ್ಟೇ ಬ್ರೇಕಿನ ಬೂಸ್ಟರ್ ಆ ವ್ಯಾಕ್ಯೂಮಿನಿಂದ ನಿಮ್ಮ ಕಾಲಿಗೆ ಬಲ ಕೊಡುತ್ತದೆ. ಪಂಪ್ ಸವೆಯಿತೋ, ಪೆಡಲ್ ಕಲ್ಲು. ಪೆಡಲ್ ಕಲ್ಲಾದರೆ ಮೊದಲು ಪಂಪ್ ನೋಡಿ.

ಒಂದು ಮಳೆಗಾಲ. ಶಿರಸಿ ಕಡೆಯ ಅಡಿಕೆ ತೋಟದ ಹಿರಿಯರೊಬ್ಬರು ಇಸುಜು ಇಂಜಿನ್ನಿನ ಅಂಬಾಸಿಡರ್ ತಂದು ಕಾರವಾರದಲ್ಲಿ ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ನಿಲ್ಲಿಸಿದರು ಅನ್ನುವುದಕ್ಕಿಂತ, ಅದು ಹೇಗೋ ನಿಂತಿತು. "ತಮಾ, ಬ್ರೇಕು ಕಲ್ಲಾಗೋಜು" ಅಂದರು. ದೇವಿಮನೆ ಘಟ್ಟದ ಒಂದೊಂದು ತಿರುವಿನಲ್ಲೂ ಎರಡೂ ಕಾಲು ಪೆಡಲ್ ಮೇಲಿಟ್ಟು ಇಳಿದಿದ್ದಾರೆ. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಅಪ್ಪೆಮಿಡಿ ಭರಣಿ ತಬ್ಬಿ ಕೂತಿದ್ದರು. ಘಟ್ಟದ ಮೇಲಿನ ಬಂಡಲ ಊರಿನಿಂದ ಈಚೆ ಒಂದು ಮಾತಿಲ್ಲವಂತೆ. ಇಳಿದವರೇ ಮೊದಲು ಭರಣಿಯ ಬಾಯಿಬಟ್ಟೆ ಮುಟ್ಟಿ ನೋಡಿದರು, ಆಮೇಲೆ ಗಂಡನ ಮುಖ. ಬೇರೆಲ್ಲೋ ಪೆಡಲಿನ ಒತ್ತಡ ಚಕ್ರಕ್ಕೆ ಕಳಿಸುವ ಮಾಸ್ಟರ್ ಸಿಲಿಂಡರ್ ಬದಲಿಸಿಯಾಗಿತ್ತು, ಬೂಸ್ಟರ್ ಬದಲಿಸಿಯಾಗಿತ್ತು, ದುಡ್ಡೂ ಹೋಗಿತ್ತು. ನಾನು ಬಾನೆಟ್ ಎತ್ತಿ ಆಲ್ಟರ್ನೇಟರ್ ಹಿಂದೆ ಬೆರಳಾಡಿಸಿದೆ. ಕಪ್ಪು ಆಯಿಲ್! ಪಂಪಿನಿಂದ ಸೋರಿದ್ದು. ಪಂಪ್ ಬಿಚ್ಚಿದರೆ ಒಳಗಿನ ವೇನ್‌ಗಳು, ಅಂದರೆ ರೋಟರ್ ಸೀಳಿನಲ್ಲಿ ಜಾರುವ ಪಟ್ಟಿಗಳು, ತೇಯ್ದ ಗಂಧದ ಕೊರಡಿನಂತೆ ಸವೆದಿದ್ದವು. ಒಂದರ ಮೂಲೆಯೇ ಹಾರಿತ್ತು. ಬೂಸ್ಟರ್ ಬದಲಿಸಿದವರಿಗೆ ಅಲ್ಲೇ ಇದ್ದ ಈ ಆಯಿಲ್ ಕಾಣಲಿಲ್ಲವೇ? ಹೋಗಲಿ ಬಿಡಿ.

ಪರೀಕ್ಷೆಗೆ ನಾನೇ ಬೇಕೆಂದಿಲ್ಲ. ಇಂಜಿನ್ ಬಂದ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ತುಳಿಯಿರಿ. ಕಾಲು ಒತ್ತಿಟ್ಟುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯಲಿಲ್ಲವೇ? ಪಂಪ್ ನೋಡಿ. ಮೆಕ್ಯಾನಿಕ್ ವ್ಯಾಕ್ಯೂಮ್ ಅಳೆಯುವ ಗೇಜ್ ಹಾಕಿದರೆ ಕಾರವಾರದಲ್ಲಿ 25 ಇಂಚು ಪಾದರಸದ ಆಸುಪಾಸು ತೋರಿಸಬೇಕು. ಶಿರಸಿಯಲ್ಲಿ ಎರಡು ಇಂಚು ಕಡಿಮೆ ಬಂದರೆ ಗಾಬರಿ ಬೇಡ. ಅದು ಪಂಪಿನ ತಪ್ಪಲ್ಲ, ಊರಿನ ಎತ್ತರದ್ದು.

ಸಮಯ ಆಯಿತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ರಿಪೇರಿ ಬೇಗ ಹೇಳಿಬಿಡುತ್ತೇನೆ. ಕಿಟ್ ಸಿಗುತ್ತದೆ: ವೇನ್, ಓ-ರಿಂಗ್, ಸೀಲು. ವೇನಿನ ದುಂಡಗಿನ ಅಂಚು ಹೊರಗೆ ಬರಬೇಕು. ಪಂಪಿನ ಒಳಗೋಡೆಗೆ ಉಗುರು ಸಿಕ್ಕುವಷ್ಟು ಗೀರು ಬಿದ್ದಿದ್ದರೆ ಕಿಟ್‌ಗೆ ದುಡ್ಡು ಹಾಕಬೇಡಿ, ಪಂಪೇ ಬದಲಿಸಿ. ಆಯಿಲ್ ಬರುವ ಪೈಪು, ವಾಪಸ್ ಹೋಗುವ ಪೈಪು ಎರಡೂ ಊದಿ ನೋಡಿ. ವಾಪಸ್ ದಾರಿ ಕಟ್ಟಿಕೊಂಡರೆ ಆಯಿಲ್ ಬೂಸ್ಟರಿಗೆ ನುಗ್ಗಿ ರಬ್ಬರನ್ನು ತಿಂದುಹಾಕುತ್ತದೆ. ತಾಮ್ರದ ವಾಷರ್ ಹೊಸದೇ ಇರಲಿ, ಹಳೆಯದನ್ನು ತಟ್ಟಿ ಹಾಕುವ ಜಾಣತನ ಬೇಡ. ಕೂರಿಸುವ ಮೊದಲು ಪಂಪಿನೊಳಗೆ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು, ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿ. ಒಣಗಿದ ಪಂಪ್ ಸ್ಟಾರ್ಟ್ ಮಾಡಿದರೆ ಹೊಸ ವೇನು ಅಲ್ಲೇ ಗೀರು ಬೀಳುತ್ತದೆ. ನಮಸ್ಕಾರ.