ತೀರ್ಪಿಗೂ ಗಲ್ಲಿಗೂ ನಡುವೆ

ಪ್ರಿಯ ಕೇಳುಗರೇ, ನಮಸ್ಕಾರ.

ಎಲ್ಲೋ ಒಂದು ಕಡೆ ಭೀಕರ ಕೊಲೆ ನಡೆಯುತ್ತದೆ. ಆರೋಪಿ ಸಿಕ್ಕಿಬೀಳುತ್ತಾನೆ. ಸುದ್ದಿ ಕೇಳಿದವರ ಬಾಯಲ್ಲಿ ಮೊದಲು ಬರುವ ಮಾತು ಏನು ಹೇಳಿ? 'ಇಂಥವನನ್ನು ಇನ್ನೂ ಯಾಕೆ ಸಾಕುತ್ತಿದ್ದಾರೆ, ಬೇಗ ಗಲ್ಲಿಗೆ ಹಾಕಬಾರದಾ?' ನಾನೂ ಈ ಮಾತು ಆಡಿದ್ದೇನೆ. ಒಂದಲ್ಲ, ಹಲವು ಸಲ ಆಡಿದ್ದೇನೆ. ಆಗೆಲ್ಲ ಅದು ನನ್ನ ಮನಸ್ಸಿನ ಮಾತೇ ಆಗಿತ್ತು.

ಆ ಮಾತಿನಲ್ಲಿರುವ 'ಬೇಗ' ಅನ್ನುವ ಪದದ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತ ಬಂದಿದ್ದೇನೆ. ಮರಣದಂಡನೆ ಸರಿಯೋ ತಪ್ಪೋ ಎಂದು ಜಗತ್ತು ಇನ್ನೂರೈವತ್ತು ವರ್ಷಗಳಿಂದ ವಾದ ಮಾಡುತ್ತಲೇ ಇದೆ. ಆ ವಾದವನ್ನು ಎಲ್ಲಿಂದ ಹಿಡಿದು ಎಳೆದರೂ ಅದು ಈ ಪದದ ಹತ್ತಿರವೇ ಬಂದು ಸಿಕ್ಕಿಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಒಂದು ಮಾತು. ಗಲ್ಲು ಬೇಕು ಎನ್ನುವವರು ಕ್ರೂರಿಗಳು ಎಂದು ನಾನು ಎಂದೂ ಭಾವಿಸಿಲ್ಲ. ಮಗಳನ್ನು ಕಳೆದುಕೊಂಡ ತಾಯಿಯ ಸಿಟ್ಟಿಗೆ ಬುದ್ಧಿ ಹೇಳಲು ನಾವು ಯಾರು? ಜರ್ಮನಿಯ ತತ್ವಜ್ಞಾನಿ ಕಾಂಟ್ ಈ ಸಿಟ್ಟಿನ ಒಳಗಿರುವ ನ್ಯಾಯವನ್ನು ತುಂಬಾ ಕಟುವಾಗಿ ಹೇಳಿದ್ದಾನೆ. ಒಂದು ದ್ವೀಪದ ಜನರೆಲ್ಲ ಊರು ಬಿಟ್ಟು ಚದುರಿಹೋಗಲು ತೀರ್ಮಾನಿಸಿದರು ಎಂದುಕೊಳ್ಳಿ. ಹಾಗಿದ್ದರೂ ಹೊರಡುವ ಮೊದಲು ಜೈಲಿನಲ್ಲಿರುವ ಕೊನೆಯ ಕೊಲೆಗಾರನಿಗೆ ಗಲ್ಲು ಆಗಲೇಬೇಕು, ಇಲ್ಲದಿದ್ದರೆ ಆ ರಕ್ತದ ಪಾಲು ಜನರ ಮೇಲೂ ಬರುತ್ತದೆ ಎಂದನವನು. ಮುಂದೆ ಅಪರಾಧ ಕಡಿಮೆಯಾಗುತ್ತದೋ ಇಲ್ಲವೋ ಎಂಬ ಲೆಕ್ಕ ಅವನಿಗೆ ಬೇಡ. ಕೊಂದವನಿಗೆ ಸಾವೇ ತಕ್ಕದ್ದು, ಅಷ್ಟೇ. ಈ ವಾದವನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ. ನಾನು ತಳ್ಳಿಹಾಕುವುದೂ ಇಲ್ಲ.

ಆದರೆ ಆ ದ್ವೀಪದ ಜೈಲಿನಲ್ಲಿ ಇರುವವನೇ ಕೊಲೆಗಾರ ಎಂದು ಕಾಂಟ್‌ಗೆ ಗೊತ್ತಿತ್ತು. ಕತೆ ಕಟ್ಟಿದವನು ಅವನೇ ಅಲ್ವಾ? ನಮಗೆ ಅದು ಗೊತ್ತಾಗುವುದು ಸಾಕ್ಷಿಗಳಿಂದ, ಪೊಲೀಸರಿಂದ, ವಕೀಲರಿಂದ.

ಬೇಗ ಗಲ್ಲಿಗೆ ಹಾಕಿದ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ಲಂಡನ್ನಿನಲ್ಲಿ ತಿಮೋತಿ ಇವಾನ್ಸ್ ಎಂಬ 25 ವರ್ಷದ ವ್ಯಾನ್ ಡ್ರೈವರ್ ಇದ್ದ. ಅವನಿಗೆ ಓದು ಬರಹ ಅಷ್ಟಾಗಿ ಬರುತ್ತಿರಲಿಲ್ಲ. 1949ರ ನವೆಂಬರ್‌ನಲ್ಲಿ ಅವನ ಹೆಂಡತಿ ಮತ್ತು ಪುಟ್ಟ ಮಗಳ ಕೊಲೆಯಾಯಿತು. ಇವಾನ್ಸ್ ಪೊಲೀಸರ ಮುಂದೆ ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ಕೊಟ್ಟ. ತಪ್ಪೊಪ್ಪಿಗೆಯೂ ಆಯಿತು. ಕೋರ್ಟಿನಲ್ಲಿ ಮಾತ್ರ, 'ನಾನು ಮಾಡಿಲ್ಲ, ಕೆಳಗಿನ ಮನೆಯ ಕ್ರಿಸ್ಟಿ ಮಾಡಿದ್ದು' ಎಂದು ಹೇಳುತ್ತಲೇ ಇದ್ದ. ಆ ಕ್ರಿಸ್ಟಿ ಸರ್ಕಾರದ ಪರವಾದ ಮುಖ್ಯ ಸಾಕ್ಷಿಯಾಗಿದ್ದ! ಜನವರಿಯಲ್ಲಿ ವಿಚಾರಣೆ ನಡೆಯಿತು. ಮೂರೇ ದಿನಗಳಲ್ಲಿ ಮುಗಿಯಿತು. 1950ರ ಮಾರ್ಚ್ 9ರಂದು ಮಗಳ ಕೊಲೆಗಾಗಿ ಇವಾನ್ಸ್‌ನನ್ನು ನೇಣಿಗೆ ಹಾಕಿದರು. ಕೊಲೆಯಿಂದ ಗಲ್ಲಿನವರೆಗೆ ಸುಮಾರು ನಾಲ್ಕು ತಿಂಗಳು.

ನಾವು ಕೇಳುವ 'ಬೇಗ' ಎಂದರೆ ಇದೇ.

ಮೂರು ವರ್ಷ ಕಳೆಯಿತು. ಕ್ರಿಸ್ಟಿ ಆ ಮನೆ ಬಿಟ್ಟುಹೋದ. ನಂತರ ಅಲ್ಲಿ ಗೋಡೆಯ ಹಿಂದೆ, ನೆಲದ ಕೆಳಗೆ, ತೋಟದಲ್ಲಿ ಹೆಂಗಸರ ಶವಗಳು ಸಿಕ್ಕವು. ಇವಾನ್ಸ್‌ನ ಹೆಂಡತಿಯನ್ನು ಕೊಂದದ್ದೂ ತಾನೇ ಎಂದು ಕ್ರಿಸ್ಟಿ ಒಪ್ಪಿಕೊಂಡ. 1953ರಲ್ಲಿ ಅವನಿಗೂ ಗಲ್ಲಾಯಿತು. ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ. ಸತ್ತು 16 ವರ್ಷಗಳ ಮೇಲೆ. ಅದಕ್ಕೆ ಒಂದು ವರ್ಷ ಮೊದಲು ಅವನ ಅವಶೇಷಗಳನ್ನು ಜೈಲಿನ ಆವರಣದಿಂದ ತೆಗೆದು ಹೊರಗಿನ ಸ್ಮಶಾನದಲ್ಲಿ ಹೂಳಲು ಬಿಟ್ಟರು. ಸರ್ಕಾರದ ಕೈಲಿ ಮಾಡಲು ಉಳಿದಿದ್ದು ಅಷ್ಟು ಮಾತ್ರ. ಅದೇ 1965ರಲ್ಲಿ ಬ್ರಿಟನ್ ಕೊಲೆಗೆ ಮರಣದಂಡನೆ ಕೊಡುವುದನ್ನು ನಿಲ್ಲಿಸಿತು.

ಇಂಥ ತಪ್ಪುಗಳ ಭಯದಿಂದಲೇ ಗಲ್ಲನ್ನು ಉಳಿಸಿಕೊಂಡ ಹಲವು ದೇಶಗಳು ದಾರಿಯಲ್ಲಿ ಒಂದೊಂದೇ ತಡೆ ಹಾಕುತ್ತ ಬಂದಿವೆ. ಭಾರತವನ್ನೇ ನೋಡಿ. ಸೆಷನ್ಸ್ ಕೋರ್ಟು ಗಲ್ಲು ಶಿಕ್ಷೆ ಕೊಟ್ಟರೆ ಅಷ್ಟಕ್ಕೇ ಆಗುವುದಿಲ್ಲ, ಹೈಕೋರ್ಟು ಅದನ್ನು ಖಚಿತಪಡಿಸಲೇಬೇಕು. ಆಮೇಲೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ಮೇಲ್ಮನವಿ ಬಿದ್ದುಹೋದರೆ ಮರುಪರಿಶೀಲನಾ ಅರ್ಜಿ. ಅದನ್ನು ಮೂವರು ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲೇ ಕೇಳಬೇಕೆಂದು 2014ರಲ್ಲಿ ತೀರ್ಮಾನವಾಯಿತು. ಅದೂ ಮುಗಿದರೆ ರಾಜ್ಯಪಾಲರ ಮುಂದೆ, ರಾಷ್ಟ್ರಪತಿಗಳ ಮುಂದೆ ಕ್ಷಮಾದಾನದ ಅರ್ಜಿ. 'ಸುಮ್ನೆ ಎಳೀತಾರೆ' ಎಂದು ನಾವು ಬೈಯುವುದು ಈ ಮೆಟ್ಟಿಲುಗಳನ್ನೇ. ಆದರೆ ಇವುಗಳಲ್ಲಿ ಯಾವುದನ್ನು ತೆಗೆದುಹಾಕೋಣ? ತೆಗೆದಷ್ಟೂ ನಾವು ಇವಾನ್ಸ್‌ನ ಆ ನಾಲ್ಕು ತಿಂಗಳಿಗೆ ಹತ್ತಿರವಾಗುತ್ತೇವೆ.

ಹಾಗಾದರೆ ನಿಧಾನವಾಗಿ, ಎಚ್ಚರದಿಂದ ಮಾಡೋಣ ಅನ್ನಬಹುದು. ನಾನೂ ಬಹಳ ಕಾಲ ಅಲ್ಲಿಗೇ ಬಂದು ನಿಂತಿದ್ದೆ. ಆಮೇಲೆ ಆ ನಿಧಾನದ ಒಳಗೆ ಏನು ನಡೆಯುತ್ತದೆ ಎಂದು ಓದತೊಡಗಿದೆ.

ಜಮೈಕಾದಲ್ಲಿ ಇಬ್ಬರಿಗೆ 1979ರಲ್ಲಿ ಗಲ್ಲು ಶಿಕ್ಷೆಯಾಯಿತು. ಮುಂದಿನ 14 ವರ್ಷಗಳಲ್ಲಿ ಮೂರು ಸಲ ಅವರಿಗೆ ಗಲ್ಲಿನ ವಾರಂಟ್ ಓದಿ ಹೇಳಿದರು. ಮೂರು ಸಲವೂ ಗಲ್ಲುಗಂಬದ ಹತ್ತಿರದ ಕೋಣೆಗೆ ಸಾಗಿಸಿದರು. ಮೂರು ಸಲವೂ ಕೊನೆಯಲ್ಲಿ ತಡೆಯಾಜ್ಞೆ ಬಂತು. ಒಬ್ಬ ಮನುಷ್ಯ ತನ್ನ ಸಾವಿಗೆ ಮೂರು ಸಲ ಸಿದ್ಧನಾಗುವುದು ಎಂದರೇನು ಎಂದು ಒಂದು ನಿಮಿಷ ಯೋಚಿಸಿ. ಅವರು ಕೊಲೆ ಮಾಡಿದವರೇ ಇರಬಹುದು. ಆದರೂ ಯಾವ ಕಾನೂನಿನ ಪುಸ್ತಕದಲ್ಲೂ 'ಕೊಲೆಗಾರನನ್ನು ಮೂರು ಸಲ ಸಾಯಿಸತಕ್ಕದ್ದು' ಎಂದು ಬರೆದಿಲ್ಲ. ಜಮೈಕಾದ ಪ್ರಕರಣಗಳ ಕೊನೆಯ ಮೇಲ್ಮನವಿ ಕೇಳುವುದು ಲಂಡನ್ನಿನ ಪ್ರಿವಿ ಕೌನ್ಸಿಲ್ ಎಂಬ ನ್ಯಾಯಪೀಠ. 1993ರಲ್ಲಿ ಅದು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಶಿಕ್ಷೆಯಾಗಿ ಐದು ವರ್ಷ ದಾಟಿದ ಮೇಲೆ ಗಲ್ಲಿಗೆ ಹಾಕುವುದು ಅಮಾನವೀಯ ಎನ್ನಲು ಬಲವಾದ ಕಾರಣ ಇರುತ್ತದೆ ಎಂದಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅರ್ಜಿ ಮೇಲೆ ಅರ್ಜಿ ಹಾಕಿ ತಡ ಮಾಡಿಸುವವನು ಕೈದಿಯೇ. ಆಮೇಲೆ ತಡವಾಯಿತು, ಬಿಟ್ಟುಬಿಡಿ ಎಂದರೆ ಹೇಗೆ? ಸರಿಯಾದ ಪ್ರಶ್ನೆಯೇ. ಆ ನ್ಯಾಯಾಧೀಶರು ಇದಕ್ಕೆ ಕೊಟ್ಟ ಉತ್ತರ ನನಗೆ ಮರೆಯಲಾಗದ್ದು. ಬದುಕಿಗೆ ಅಂಟಿಕೊಳ್ಳುವುದು ಮನುಷ್ಯನ ಸ್ವಭಾವ. ಕಾನೂನು ಬಾಗಿಲು ತೆರೆದಿಟ್ಟಾಗ ಅವನು ಅದನ್ನು ತಟ್ಟಿಯೇ ತಟ್ಟುತ್ತಾನೆ. ಅದು ವರ್ಷಗಟ್ಟಲೆ ಎಳೆದರೆ ದೋಷ ಆ ವ್ಯವಸ್ಥೆಯದ್ದು, ಕೈದಿಯದ್ದಲ್ಲ. ಅವರ ಮಾತಿನ ಸಾರ ಇದು. 2014ರ ಜನವರಿಯಲ್ಲಿ ಭಾರತದ ಸುಪ್ರೀಂ ಕೋರ್ಟು ಕೂಡ 15 ಕೈದಿಗಳ ಗಲ್ಲನ್ನು ಜೀವಾವಧಿಗೆ ಇಳಿಸಿತು. ಕ್ಷಮಾದಾನದ ಅರ್ಜಿಗಳು ವರ್ಷಗಟ್ಟಲೆ ಕೊಳೆತದ್ದು ಅದರಲ್ಲಿ ದೊಡ್ಡ ಕಾರಣವಾಗಿತ್ತು.

ಜಪಾನಿನಲ್ಲಿ ಇದು ಇನ್ನೊಂದು ರೂಪದಲ್ಲಿದೆ. ಅಲ್ಲಿ ಗಲ್ಲಿನ ದಿನ ಯಾವುದೆಂದು ಕೈದಿಗೆ ಮೊದಲೇ ತಿಳಿಸುವುದಿಲ್ಲ. ಆ ದಿನ ಬೆಳಿಗ್ಗೆಯೇ, ಒಂದೆರಡು ಗಂಟೆ ಮೊದಲು ಹೇಳುತ್ತಾರೆ. ಮನೆಯವರಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ. ಅಂದರೆ ಪ್ರತಿದಿನ ಬೆಳಿಗ್ಗೆ ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗ ಅದು ತನ್ನ ಬಾಗಿಲಲ್ಲಿ ನಿಲ್ಲುತ್ತದೋ, ಮುಂದೆ ಹೋಗುತ್ತದೋ ಎಂದು ಕಿವಿಗೊಟ್ಟು ಕೂರಬೇಕು. ಇವಾವೊ ಹಕಮಾಡಾ ಎಂಬವರು ಹೀಗೆ ಬದುಕಿದವರು. ಅವರ ಕತೆಗೆ ಆಮೇಲೆ ಬರುತ್ತೇನೆ.

ಕಾಯುವವರು ಕೈದಿಗಳು ಮಾತ್ರ ಅಲ್ಲ. ಸತ್ತವರ ಮನೆಯವರೂ ಕಾಯುತ್ತಾರೆ. ಇದನ್ನು ನಾವು ಜಾಸ್ತಿ ಯೋಚಿಸುವುದಿಲ್ಲ. ಗಲ್ಲು ಆದ ದಿನ ನಿಮಗೆ ನೆಮ್ಮದಿ ಸಿಗುತ್ತದೆ ಎಂದು ಅವರಿಗೆ ಮಾತು ಕೊಡುತ್ತೇವೆ. ಆಮೇಲೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಆ ದಿನವನ್ನು ಮುಂದೆ ಹಾಕುತ್ತ ಹೋಗುತ್ತೇವೆ. ಪ್ರತಿ ಅರ್ಜಿಗೂ ಸುದ್ದಿಯವರು ಮನೆ ಬಾಗಿಲಿಗೆ ಬರುತ್ತಾರೆ. ಪ್ರತಿ ಸಲವೂ ಆ ರಾತ್ರಿಯನ್ನು ಮತ್ತೆ ಹೇಳಬೇಕು. ನಮ್ಮವರನ್ನು ಕೊಂದವನು ಸಾಯುವವರೆಗೆ ಹೊರಗೆ ಬರುವುದಿಲ್ಲ ಎಂದು ಮೊದಲೇ ಖಚಿತವಾಗಿದ್ದರೆ ಅವರಲ್ಲಿ ಕೆಲವರಿಗಾದರೂ ಅಳಲು, ಮರೆಯಲು, ಮುಂದೆ ನಡೆಯಲು ಸ್ವಲ್ಪ ಜಾಗ ಸಿಗುತ್ತಿತ್ತೇನೋ. ಅದಕ್ಕೂ ದಾರಿ ಇದೆ. ಬಿಡುಗಡೆಯ ರಿಯಾಯಿತಿ ಇಲ್ಲದೆ ಇಂತಿಷ್ಟು ದೀರ್ಘ ಕಾಲ, ಅಥವಾ ಉಸಿರಿರುವವರೆಗೂ ಜೈಲು ಎನ್ನುವ ಶಿಕ್ಷೆಯನ್ನು ಭಾರತದ ಸುಪ್ರೀಂ ಕೋರ್ಟು 2008ರಲ್ಲಿ ಒಪ್ಪಿತು. 2015ರಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿಹಿಡಿಯಿತು.

ಗಲ್ಲಿನ ಭಯ ಇದ್ದರೆ ಅಪರಾಧ ಕಡಿಮೆಯಾಗುತ್ತದೆ ಎನ್ನುವ ಮಾತಿದೆಯಲ್ಲ, ಅದರ ಮೇಲೆ ನಾನು ಜಾಸ್ತಿ ಹೊತ್ತು ನಿಲ್ಲುವುದಿಲ್ಲ. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿತು. ಗಲ್ಲಿನಿಂದ ಕೊಲೆಗಳು ಕಡಿಮೆಯಾಗುತ್ತವೆ ಎಂದಾಗಲಿ, ಇಲ್ಲ ಎಂದಾಗಲಿ ಇವುಗಳಿಂದ ಹೇಳಲು ಬರುವುದಿಲ್ಲ ಎಂದಿತು. ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಇದರ ಬಗ್ಗೆ ಬರೆದಿದ್ದ. ಶಿಕ್ಷೆ ಎಷ್ಟು ಭಯಂಕರ ಎನ್ನುವುದಕ್ಕಿಂತ ಅದು ತಪ್ಪದೆ ಬರುತ್ತದೋ, ಬೇಗ ಬರುತ್ತದೋ ಎನ್ನುವುದೇ ಜನರನ್ನು ತಡೆಯುತ್ತದೆ ಎಂದು. ನೋಡಿ, ಇಲ್ಲೂ ಅದೇ 'ಬೇಗ'. ಎಚ್ಚರದಿಂದ ಕೊಡಲೇಬೇಕಾದ ಶಿಕ್ಷೆ ಬೇಗ ಬರಲಾರದು. ತಪ್ಪದೆ ಬರುವುದೂ ಇಲ್ಲ.

ಇನ್ನು ಕಷ್ಟದ ಪ್ರಶ್ನೆಗೆ ಬರೋಣ. ಸಂಶಯವೇ ಇಲ್ಲದ ಪ್ರಕರಣಗಳು ಇರುತ್ತವೆ. ನೂರಾರು ಜನರ ಕಣ್ಣೆದುರು ಕೊಂದವನು ಇರುತ್ತಾನೆ. ಅವನ ವಿಷಯದಲ್ಲಿ ಇವಾನ್ಸ್‌ನ ಕತೆ ಯಾಕೆ ಹೇಳಬೇಕು? ಅಂಥವರಿಗೆ ಮಾತ್ರ ಗಲ್ಲು, ಅದೂ ಬೇಗ ಕೊಟ್ಟರಾಯಿತಲ್ಲ?

ಈ ಪ್ರಶ್ನೆ ನನ್ನನ್ನು ತುಂಬಾ ದಿನ ಕಾಡಿತು. ಕೊನೆಗೆ ನನಗೆ ಹೊಳೆದದ್ದು ಇಷ್ಟು. 'ಸಂಶಯವೇ ಇಲ್ಲ' ಎನ್ನುವುದು ಪ್ರಕರಣದ ಮೇಲೆ ಬರೆದಿರುವುದಿಲ್ಲ. ಅದನ್ನು ಯಾರೋ ತೀರ್ಮಾನಿಸಬೇಕು. ಇವಾನ್ಸ್‌ನ ಪ್ರಕರಣದಲ್ಲೂ ಜ್ಯೂರಿಗೆ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡಕ್ಕೆ, ಸಂಶಯ ಇರಲಿಲ್ಲ. ಅಮೆರಿಕದಲ್ಲಿ 1973ರಿಂದೀಚೆಗೆ ಮರಣದಂಡನೆಯಾಗಿ ಆಮೇಲೆ ಆರೋಪದಿಂದ ಮುಕ್ತರಾದವರು ಸುಮಾರು 200 ಮಂದಿ. ಅವರಲ್ಲಿ ಪ್ರತಿಯೊಬ್ಬರನ್ನೂ ಒಂದು ಕಾಲಕ್ಕೆ ಒಂದು ಕೋರ್ಟು 'ಸಂಶಯಕ್ಕೆ ಎಡೆಯಿಲ್ಲದಂತೆ' ಅಪರಾಧಿ ಎಂದಿತ್ತು. ಸಂಶಯವಿಲ್ಲದವರಿಗೆ ಎಂದು ಒಂದು ಬೇಗದ ದಾರಿ ತೆರೆದರೆ ಜನರ ಸಿಟ್ಟು ಎಲ್ಲರನ್ನೂ ಅದೇ ದಾರಿಗೆ ತಳ್ಳುತ್ತದೆ. ಅಪರಾಧ ಎಷ್ಟು ಘೋರವೋ ಅಷ್ಟು ಅವಸರ. ಎಷ್ಟು ಅವಸರವೋ ಅಷ್ಟು ತಪ್ಪು. ಹೀಗಾಗಿ ನಿಜವಾಗಿ ಕೊಂದವನನ್ನೂ ನಾನು ಗಲ್ಲಿಗೆ ಕಳಿಸಲಾರೆ. ಅವನ ಮೇಲಿನ ಕರುಣೆಯಿಂದ ಅಂತಲ್ಲ. ಅವನಿಗಾಗಿ ತೆರೆದ ಬಾಗಿಲಲ್ಲಿ ಅವನ ಹಿಂದೆಯೇ ಇನ್ಯಾರೋ ಬಂದು ನಿಲ್ಲುತ್ತಾರೆ, ಅದಕ್ಕೆ.

ಈಗ ಹಕಮಾಡಾ ಅವರ ಕತೆ.

ಅವರು ಮೊದಲು ಬಾಕ್ಸರ್ ಆಗಿದ್ದರು. 1966ರಲ್ಲಿ ಒಂದೇ ಮನೆಯ ನಾಲ್ವರ ಕೊಲೆಯ ಆರೋಪ ಅವರ ಮೇಲೆ ಬಂತು. ಸುಮಾರು 20 ದಿನ ವಿಚಾರಣೆ ಮಾಡಿ ಪೊಲೀಸರು ತಪ್ಪೊಪ್ಪಿಗೆ ಪಡೆದರು. ಕೋರ್ಟಿನಲ್ಲಿ ಅವರು ಅದನ್ನು ನಿರಾಕರಿಸಿದರು. ತಪ್ಪೊಪ್ಪಿಗೆಯ ಹೇಳಿಕೆಗಳು 45 ಇದ್ದವು. ಕೋರ್ಟು 44ನ್ನು ಬದಿಗಿಟ್ಟು ಒಂದನ್ನು ಒಪ್ಪಿಕೊಂಡಿತು. 1968ರಲ್ಲಿ ಮರಣದಂಡನೆಯಾಯಿತು. ತೀರ್ಪು ಕೊಟ್ಟ ಮೂವರು ನ್ಯಾಯಾಧೀಶರಲ್ಲಿ ಒಬ್ಬರಿಗೆ ಈತ ನಿರಪರಾಧಿ ಎಂದೇ ಅನ್ನಿಸಿತ್ತು. ಉಳಿದಿಬ್ಬರು ಒಪ್ಪಲಿಲ್ಲ. ಆದರೂ ಮರಣದಂಡನೆಯ ಆ ತೀರ್ಪನ್ನು ನಿರಪರಾಧಿ ಎಂದುಕೊಂಡ ಆ ನ್ಯಾಯಾಧೀಶರೇ ಬರೆಯಬೇಕಾಯಿತು. ಅವರು ಮರುವರ್ಷ ಕೆಲಸ ಬಿಟ್ಟರು. 2007ರಲ್ಲಿ ಬಾಯಿಬಿಟ್ಟು ಇದನ್ನೆಲ್ಲ ಹೇಳಿದರು.

ಹಕಮಾಡಾ ಜೈಲಿನಿಂದ ಹೊರಗೆ ಬಂದಿದ್ದು 2014ರಲ್ಲಿ. ಅಷ್ಟು ಹೊತ್ತಿಗೆ ಅವರ ಮನಸ್ಸು ಕೆಟ್ಟುಹೋಗಿತ್ತು. ಮರುವಿಚಾರಣೆ ಶುರುವಾದಾಗ ಅವರು ಕೋರ್ಟಿಗೆ ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅವರ ಬದಲು ಅಕ್ಕ ಹಿಡೆಕೊ ಬಂದರು. ತಮ್ಮನಿಗಾಗಿ ದಶಕಗಳ ಕಾಲ ಹೋರಾಡಿದವರು ಅವರು. 2024ರ ಸೆಪ್ಟೆಂಬರ್ 26ರಂದು ಕೋರ್ಟು, ತನಿಖೆ ಮಾಡಿದವರು ಸುಳ್ಳು ಸಾಕ್ಷ್ಯ ಕಟ್ಟಿದ್ದರು, ಈತ ನಿರಪರಾಧಿ ಎಂದಿತು. ಆಗ ಹಿಡೆಕೊ ಅವರಿಗೆ 91 ವರ್ಷ. ತಮ್ಮನಿಗೆ 88.

ಮುಂದಿನ ತಿಂಗಳು ಕೊಲೆ ನಡೆದ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥರು ಅವರ ಮನೆಗೆ ಬಂದರು. ಹಕಮಾಡಾ ಅವರ ಎದುರು ನಿಂತು, ಬಾಗಿ, ಕ್ಷಮೆ ಕೇಳಿದರು. ಬಂಧನವಾಗಿ 58 ವರ್ಷಗಳಾಗಿದ್ದವು.

ನಮಸ್ಕಾರ.