ಕೈ ಕಟ್ಟಿ ಕೂಡೋದು ಕಲಿಸೋ ಪುಸ್ತಕಗಳು

ಎಲ್ಲಾರಿಗೂ ಶರಣ್ರಿ. ಮೇ ತಿಂಗಳದಾಗ, ಕಲಬುರಗಿಯೊಳಗ, ಮಧ್ಯಾಹ್ನ ಎರಡರ ಮ್ಯಾಲ ಪ್ರೋಗ್ರಾಂ ಇಟ್ರೂ ಇಷ್ಟು ಮಂದಿ ಬಂದೀರಿ ಅಂತ ಒಳಗ ಬರೋ ತನಕ ಖುಷಿ ಆಗಿತ್ತು, ಬಂದ್ ಮ್ಯಾಲ ಗೊತ್ತಾಯ್ತು ಹಾಲ್‌ನ್ಯಾಗ ನಾಕು ಕೂಲರ್ ಇಟ್ಟಾರ ಅಂತ. ಇರ್ಲಿ ಬಿಡ್ರಿ. ಮೇ 5 ಸೂಲಗಿತ್ತೇರ ದಿನ, 1992ರಿಂದ ದುನಿಯಾ ತುಂಬಾ ಮಾಡ್ಲತ್ತಾರ, ಅದರ ನೆಪದಾಗ ನನಗ ಕರೆದು "ಮೇಡಂ, ನಾರ್ಮಲ್ ಡೆಲಿವರಿ ಬಗ್ಗೆ ಹೆರಿಗಿ ಮಾಡಿಸೋ ಕೆಲಸದ ಹುಡುಗಿಯರು ಏನ್ ಓದಬೇಕು ಹೇಳ್ರಿ" ಅಂದಾರ.

ನಾ ಡಾಕ್ಟರ್ ಅಲ್ಲ. ಲೇಬರ್ ರೂಮಿನಾಗ ಇಪ್ಪತ್ತನಾಕು ವರ್ಷ ಕಳದೀನಿ, ಈಗ ಕಲಿಸೋ ಕೆಲಸದಾಗ ಇದೀನಿ. ಪರೀಕ್ಷೆಗಿ ನೀವು ಓದೋದು ದತ್ತಾ, ಓದೋದು ಮೈಲ್ಸ್, ಎರಡೂ ಹೆರಿಗಿ ಟೆಕ್ಸ್ಟ್‌ಬುಕ್, ಅವು ಬೇಕೇ ಬೇಕು, ಬಿಡ್ಲಿಕ್ಕ ಬರಲ್ಲ. ಆದ್ರ ಆ ಪುಸ್ತಕದಾಗ ಏನಾರ ಕೆಟ್ಟರ ಏನ್ ಮಾಡಬೇಕು ಅನ್ನೋದಕ್ಕ ಪಾನಗಟ್ಟಲೆ ಜಾಗ ಅದ, ರಾತ್ರಿ ಎರಡಕ್ಕ ಏನೂ ಕೆಟ್ಟಿಲ್ಲ, ಹೊಟ್ಟಿ ಒಳಗಿನ ಕೂಸಿನ ಬಡಿತ ಬರಾಬರ ಅದ, ಬಿಪಿ ಛಲೋ ಅದ, ಹೆಣ್ಣುಮಗಳು ಬರೇ ನರಳ್ಲತ್ತಾಳ, ಆವಾಗ ನಮ್ಮ ಕೈ ಏನ್ ಮಾಡಬೇಕು, ಅದಕ್ಕ ಜಾಗ ಕಡಿಮಿ. ನನಗ ಬೇಕಾಗಿದ್ದು ಅದೇ ಇತ್ತು. ಸಿಗೋ ತನಕ ಎಷ್ಟೋ ಮಂದಿಗಿ ತ್ರಾಸ್ ಕೊಟ್ಟೀನಿ.

ಒಂದು ಹೇಳ್ತೀನಿ ಕೇಳ್ರಿ. ನೌಕರಿ ಹತ್ತಿ ಎರಡನೇ ವರ್ಷ, ಒಂದು ತಾಲೂಕಾ ದವಾಖಾನಿ, ಯಾವುದು ಅಂತ ಬ್ಯಾಡ. ತಾಂಡಾದ ಒಂದು ಹುಡುಗಿ, ಚೊಚ್ಚಲ, ಸಂಜಿ ಮುಂದ ಗರ್ಭಕೋಶದ ಬಾಯಿ ನಾಕು ಸೆಂಟಿಮೀಟರ್ ತೆರದಿತ್ತು. ತಾಸಿಗೊಮ್ಮೆ ಪಿವಿ ಮಾಡ್ದೆ, ಅಂದ್ರ ಒಳಗ ಬೆರಳು ಹಾಕಿ ನೋಡ್ದೆ. ಎರಡು ತಾಸಾದ್ರೂ ಐದು ಆಗ್ಲಿಲ್ಲ, ಸಲಾಯಿನ್‌ನ್ಯಾಗ ಬ್ಯಾನಿ ಹೆಚ್ಚು ಮಾಡೋ ಆಕ್ಸಿಟೋಸಿನ್ ಹಾಕಿ ಬಿಟ್ಟೆ. ಬ್ಯಾನಿ ಜೋರಾತು, ಹುಡುಗಿ ಚೀರ್ತು, ನಾ ಬೈದೆ, ತೊಡಿ ಮ್ಯಾಲ ಒಂದು ಹೊಡದೆ ಕೂಡ, ಸುಳ್ಳ್ಯಾಕ ಹೇಳ್ಲಿ. ಕಡೀಗಿ ನನ್ನ ಜೋಡಿ ಇದ್ದ ಸಿಸ್ಟರ್ ಹೊಟ್ಟಿ ಒತ್ತಿದ್ರು, ಕೂಸು ಬಂತು, ಅತ್ತಿತು, ತಾಯಿಗಿ ಹೊಲಿಗಿ ಹಾಕೋದ್ರಾಗ ಬೆಳಗಾತು. ಆ ಹುಡುಗಿ ಅವ್ವ ನನ್ನ ಕಾಲು ಮುಟ್ಟಿ ಹೋದ್ಳು. ನಾ ದೊಡ್ಡ ಕೆಲಸ ಮಾಡಿದಂಗ ಚಹಾ ಕುಡದೆ.

ಆ ರಾತ್ರಿ ನಾ ಮಾಡಿದ್ದು ಏನು ಅಂತ ತಿಳೀಲಿಕ್ಕ ಪುಸ್ತಕ ಬೇಕಾತು. ಅದಕ್ಕ ನಾ ಮೊದಲು ಹೇಳೋದು ಕಥಿ ಪುಸ್ತಕ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 2018ರಾಗ ಹೆರಿಗೆ ಹೊತ್ತಿನ ಆರೈಕೆ ಬಗ್ಗೆ ಹೊರಡಿಸಿದ ಶಿಫಾರಸು. ಒಟ್ಟು 56 ಅವ, ಪುಕ್ಕಟೆ ಸಿಗ್ತದ, ಮೊಬೈಲ್‌ನ್ಯಾಗ ಡೌನ್‌ಲೋಡ್ ಮಾಡ್ಕೋರಿ. ಓದ್ಲಿಕ್ಕ ಒಣಾ ಅದ, ನಮ್ಮ ಕಟಿ ರೊಟ್ಟಿ ಇದ್ದಂಗ, ಕಡೀಲಿಕ್ಕ ಹಲ್ಲು ನೋಯ್ತಾವ ಆದ್ರ ತಿಂಗಳಗಟ್ಟಲೆ ಕೆಡಲ್ಲ.

ಅದನ್ನ ಓದೋ ಮುಂದ ಅದರ ಹಿಂದಿನ ಕಥಿ ಗೊತ್ತಿರಬೇಕು. 1955ರಾಗ ನ್ಯೂಯಾರ್ಕ್‌ನ ಫ್ರೀಡ್‌ಮನ್ ಅನ್ನೋ ಡಾಕ್ಟರ್ ಒಂದೇ ದವಾಖಾನಿಯ 500 ಚೊಚ್ಚಲ ಹೆರಿಗಿ ಲೆಕ್ಕ ತಗೊಂಡು, ಗರ್ಭಕೋಶದ ಬಾಯಿ ತಾಸಿಗಿ ಎಷ್ಟು ತೆರೀತದ ಅಂತ ಒಂದು ಗೆರಿ ಎಳದ್ರು. ಆ ಹೆಣ್ಣುಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿಗಿ ಕೂಸಿನ ತಲಿ ಹಿಡದು ಎಳಿಯೋ ಫೋರ್ಸೆಪ್ಸ್ ಹಾಕಿದ್ರು, ಬಹುತೇಕ ಎಲ್ಲಾರಿಗೂ ಮತ್ತಿನ ಔಷಧ ಕೊಟ್ಟಿದ್ರು. ಮುಂದ 1972ರಾಗ ಆಗಿನ ರೊಡೇಷಿಯಾ, ಈಗಿನ ಜಿಂಬಾಬ್ವೆಯೊಳಗ ಫಿಲ್ಪಾಟ್ ಮತ್ತ ಕ್ಯಾಸಲ್ ಅಂತ ಇಬ್ಬರು ಡಾಕ್ಟರು, ದೊಡ್ಡ ದವಾಖಾನಿಯಿಂದ ದೂರ ಇದ್ದ ಸೂಲಗಿತ್ತೇರಿಗಿ ಯಾವಾಗ ರೆಫರ್ ಮಾಡಬೇಕು ತಿಳೀಲಿ ಅಂತ ಪಾರ್ಟೋಗ್ರಾಫ್, ಅಂದ್ರ ಹೆರಿಗಿ ಎಷ್ಟು ಮುಂದ ಹೋಯ್ತು ಅಂತ ಬರಿಯೋ ಹಾಳಿ, ಅದರ ಮ್ಯಾಲ ಅಲರ್ಟ್ ಗೆರಿ ಹಾಕಿದ್ರು, ತಾಸಿಗಿ ಒಂದು ಸೆಂಟಿಮೀಟರ್. ನೋಡ್ರಿ, ಅದು ರೆಫರ್ ಮಾಡೋ ಗೆರಿ, ಗಾಡಿ ಸಿಗೋದು ತಡ ಆಗ್ತದ ಅಂತ ಮುಂಚೆ ಎಚ್ಚರಿಸೋ ಗೆರಿ. ನಾವು ಅದನ್ನ ಬಾರುಕೋಲು ಮಾಡ್ಕೊಂಡೀವಿ. ತಾಸಿಗಿ ಒಂದು ಆಗ್ಲಿಲ್ಲಾ, ಹಾಕು ಸಲಾಯಿನ್.

2010ರಾಗ ಜಾಂಗ್ ಮತ್ತ ಅವರ ಜೋಡಿದಾರರು ಅಮೆರಿಕಾದ 19 ದವಾಖಾನಿಗಳ 62 ಸಾವಿರಕ್ಕೂ ಹೆಚ್ಚು ಹೆರಿಗಿ ನೋಡಿ ಹೇಳಿದ್ದೇನಂದ್ರ, ನಾಕರಿಂದ ಆರು ಸೆಂಟಿಮೀಟರ್ ಆಗೋದು ಭಾಳ ಮಂದಿಗಿ ನಿಧಾನ, ಆರರ ಮ್ಯಾಲ ಓಟ. ನನ್ನ ತಾಂಡಾದ ಹುಡುಗಿ ನಾಕರ ಮ್ಯಾಲ ಇದ್ದಳು! ಅಕಿಗೇನೂ ಆಗಿರಲಿಲ್ಲ, ಅಕಿ ಬರಾಬರ ಹೊಂಟಿದ್ಳು, ದಾರಿ ತಪ್ಪಿದಾಕಿ ನಾ. 2018ರ ಶಿಫಾರಸು ಐದು ಸೆಂಟಿಮೀಟರ್‌ದಿಂದ ಮುಂದಿನ ಹಂತಕ್ಕ ಆಕ್ಟಿವ್, ಅಂದ್ರ ಬ್ಯಾನಿ ಜೋರು ಹಿಡಿಯೋ ಹಂತ, ಅಂತದ, ತಾಸಿಗಿ ಒಂದು ಆಗ್ಲಿಲ್ಲ ಅನ್ನೋ ಒಂದೇ ಕಾರಣಕ್ಕ ಕೈ ಹಾಕಬ್ಯಾಡ್ರಿ ಅಂತದ. 2020ರಾಗ ಬಂದ ಲೇಬರ್ ಕೇರ್ ಗೈಡ್ ಅನ್ನೋ ಹೊಸಾ ಹಾಳಿನೊಳಗ ಆ ಅಲರ್ಟ್ ಗೆರಿನೇ ಇಲ್ಲ, ಐದರ ಮ್ಯಾಲ ಆರು ತಾಸು, ಆರರ ಮ್ಯಾಲ ಐದು ತಾಸು, ಏಳರ ಮ್ಯಾಲ ಮೂರು, ಎಂಟರ ಮ್ಯಾಲ ಎರಡೂವರಿ, ಒಂಬತ್ತರ ಮ್ಯಾಲ ಎರಡು ತಾಸು, ಅಷ್ಟೊತ್ತು ಅಲ್ಲೇ ನಿಂತ್ರ ಮಾತ್ರ ಎಚ್ಚರಾಗ್ರಿ ಅಂತದ. ಈ ಐದು ಅಂಕಿ ಬಾಯಿಪಾಠ ಮಾಡ್ರಿ. ಅದೇ ಶಿಫಾರಸಿನ್ಯಾಗ ಇನ್ನೂ ಇದಾವ, ಹೊಟ್ಟಿ ಒತ್ತಬ್ಯಾಡ್ರಿ, ಎನಿಮಾ ಬ್ಯಾಡ, ಹೆರಿಗಿ ದಾರಿ ಅಗಲ ಮಾಡ್ಲಿಕ್ಕ ಎಲ್ಲಾರಿಗೂ ಕತ್ತರಿ ಹಾಕಬ್ಯಾಡ್ರಿ, ಉಣ್ಲಿಕ್ಕ ಕುಡೀಲಿಕ್ಕ ಕೊಡ್ರಿ, ಅಡ್ಡಾಡ್ಲಿಕ್ಕ ಬಿಡ್ರಿ. ಒಂದೊಂದು ಓದಿದಾಗ ನನ್ನ ಒಂದೊಂದು ಡ್ಯೂಟಿ ನೆನಪಾತು.

ಸರಿ, ಕೈ ಹಾಕಬ್ಯಾಡ್ರಿ ಅಂದ್ರ ಸುಮ್ನ ಕೂಡೋದಾ? ಇಲ್ಲಿ ಎರಡನೇ ಪುಸ್ತಕ ಬರ್ತದ. ಪೆನ್ನಿ ಸಿಮ್ಕಿನ್ ಅಂತ ಅಮೆರಿಕಾದಾಕಿ, ಹೆರಿಗೆ ಜೊತಿಗಾರ್ತಿಯರಿಗಿ ತಯಾರು ಮಾಡಿದಾಕಿ, 2024ರಾಗ ತೀರಕೊಂಡ್ರು. ರೂತ್ ಅಂಚೆಟಾ ಅವರ ಜೋಡಿ ಬರದ ಅವರ 'ದಿ ಲೇಬರ್ ಪ್ರೋಗ್ರೆಸ್ ಹ್ಯಾಂಡ್‌ಬುಕ್' ಮೊದಲ ಸಲ 2000ದಾಗ ಬಂತು. ನನಗ ಕೇಳಿದ್ರ ಲೇಬರ್ ರೂಮಿನ ಟೇಬಲ್ ಮ್ಯಾಲ ಪ್ರೆಶರ್ ಮಷೀನ್ ಬಾಜೂಕ ಇದು ಇರಬೇಕು. ಚಿತ್ರ ಭಾಳ ಅವ, ಇಂಗ್ಲಿಷ್ ಬರಲ್ಲ ಅಂತ ಹೆದರಬ್ಯಾಡ್ರಿ. ಹೆರಿಗಿ ನಿಂತದ ಅಂದ್ರ ಮೊದಲು ಯಾಕ ನಿಂತದ ನೋಡು ಅಂತದ, ಕೂಸಿನ ತಲಿ ವಾರಿ ಆಗ್ಯಾದೋ, ತಾಯಿ ಹೆದರ್ಯಾಳೋ, ಉಚ್ಚಿ ಚೀಲ ತುಂಬ್ಯಾದೋ, ಒಂದೇ ಮಗ್ಗಲ ಬಿದ್ದು ಸಾಕಾಗ್ಯಾದೋ. ಬ್ಯಾನಿ ಎಲ್ಲಾ ಬೆನ್ನಾಗೇ ಬರ್ಲತ್ತಾವ ಅಂದ್ರ ಕೂಸು ಮಾರಿ ಮ್ಯಾಲ ಮಾಡಿ ಇರಬಹುದು, ತಾಯಿಗಿ ಕೈ ಮೊಣಕಾಲು ಊರಿಸಿ ಕೂಡಸು, ಎರಡೂ ಕುಂಡಿ ಎಲುವು ಎರಡು ಅಂಗೈಲೆ ಒಳಗ ಒತ್ತು. ನಾ ಮಾಡಿ ನೋಡೀನಿ, ಚೀರೋಳು ಉಸ್ ಅಂತ ಉಸಿರು ಬಿಡ್ತಾಳ. ಎದ್ದು ಅಡ್ಡಾಡಿದವರಿಗಿ ಮೊದಲನೇ ಹಂತ ಸರಾಸರಿ ಒಂದು ತಾಸು ಇಪ್ಪತ್ತು ನಿಮಿಷದಷ್ಟು ಕಡಿಮಿ ಆಗ್ತದ ಅಂತ ಕಾಕ್ರೇನ್, ಅಂದ್ರ ಬ್ಯಾರೆ ಬ್ಯಾರೆ ಅಧ್ಯಯನ ಕೂಡಿಸಿ ತೂಗೋ ಸಂಸ್ಥೆ, ಅದರ ಲೆಕ್ಕ 2013ರದು. ನಮ್ಮ ಆಯಿ ಹೇಳ್ತಿದ್ಳು, ಜಂತಿಗಿ ಹಗ್ಗ ಕಟ್ಟಿ ಹಿಡಕೊಂಡು ಕುಕ್ಕರಗಾಲಲೆ ಕುಂತು ಹಡದೀನಿ ಅಂತ. ನಾವು ಕಬ್ಬಿಣದ ಟೇಬಲ್ ಮ್ಯಾಲ ಅಂಗಾತ ಮಲಗಿಸಿ ಮುಕ್ಕು ಮುಕ್ಕು ಅಂತೀವಿ.

ಇನ್ನ ಹೆಸರಾದ ಹಳೇ ಪುಸ್ತಕ. ಗ್ರಾಂಟ್ಲಿ ಡಿಕ್-ರೀಡ್ ಅಂತ ಇಂಗ್ಲೆಂಡಿನ ಡಾಕ್ಟರ್, ಅವರ 'ಚೈಲ್ಡ್‌ಬರ್ತ್ ವಿದೌಟ್ ಫಿಯರ್' 1940ರ ದಶಕದ್ದು. ಹೆದರಿಕಿಯಿಂದ ಮೈ ಬಿಗೀತದ, ಬಿಗದ್ರ ನೋವು ಹೆಚ್ಚಾಗ್ತದ, ನೋವಿನಿಂದ ಮತ್ತ ಹೆದರಿಕಿ, ಈ ಗಾಣ ತೋರಿಸಿದ್ದು ಅವರೇ. ಅಷ್ಟು ಓದ್ರಿ, ತಲಿಯೊಳಗ ಇಟ್ಕೋರಿ. ಆದ್ರ ಅವರು ಇನ್ನೊಂದು ಮಾತು ಹೇಳ್ತಾರ, ಕಾಡು ಜನಕ್ಕ, ನಾಗರಿಕತೆ ಹತ್ತದವರಿಗಿ ಹೆರಿಗಿ ಸಸಾರ, ಓದಿದ ಬಿಳಿ ಹೆಣ್ಣುಮಕ್ಕಳಿಗೇ ತ್ರಾಸು ಅಂತ. ಇದು ಸುಳ್ಳು. ನಗಬ್ಯಾಡ್ರಿ, ಇದೇ ಮಾತು ನಾವು ದಿನಾ ಆಡ್ತೀವಿ. "ತಾಂಡಾದೋರಿಗೇನ್ರಿ, ಕೂಲಿ ಮಾಡೋ ಮಂದಿ, ಪಟ್ ಅಂತ ಹಡೀತಾರ." ಹಂಗ ಅಂದಮ್ಯಾಲ ಅಕಿ ನೋವು ನಮಗ ಕಾಣೋದೇ ಇಲ್ಲ, ಅಕಿ ಚೀರಿದ್ರ ನಾಟಕ ಮಾಡ್ಲತ್ತಾಳ ಅನಸ್ತದ. ಎಂಬತ್ತು ವರ್ಷದ ಹಿಂದಿನ ಇಂಗ್ಲಿಷ್ ಪುಸ್ತಕದ ತಪ್ಪು ನಮ್ಮ ಲೇಬರ್ ರೂಮಿನ್ಯಾಗ ಪುಸ್ತಕ ಓದದವರ ಬಾಯಾಗ ಹ್ಯಾಂಗ ಬಂತೋ ದೇವರಿಗೇ ಗೊತ್ತು.

ಐನಾ ಮೇ ಗ್ಯಾಸ್ಕಿನ್ ಓದಿದ್ರ ಮನಸು ಅರಳ್ತದ. ಅಕಿ ನರ್ಸ್ ಅಲ್ಲ, ಇಂಗ್ಲಿಷ್ ಎಂ.ಎ. ಮಾಡಿದಾಕಿ. 1971ರಾಗ ಟೆನೆಸ್ಸಿಯೊಳಗ ಫಾರ್ಮ್ ಅಂತ ಒಂದು ಊರೇ ಕಟ್ಟಿದ್ರು, ಅಲ್ಲಿ ಹೆರಿಗಿ ಮಾಡಿಸ್ತಾ ಕಲ್ತು 'ಸ್ಪಿರಿಚುವಲ್ ಮಿಡ್‌ವೈಫರಿ' ಬರದ್ಳು, 2003ರಾಗ 'ಐನಾ ಮೇಸ್ ಗೈಡ್ ಟು ಚೈಲ್ಡ್‌ಬರ್ತ್'. ಅದರ ಅರ್ಧ ಹಡೆದವರೇ ಹೇಳಿದ ಕಥಿ. ತಲಿ ಬಂದು ಭುಜ ಸಿಕ್ಕಿಬಿದ್ದಾಗ ತಾಯಿಗಿ ಕೈ ಮೊಣಕಾಲ ಮ್ಯಾಲ ತಿರುಗಿಸೋದು ಈಗ ಅಕಿ ಹೆಸರಿನ್ಯಾಗೇ ಟೆಕ್ಸ್ಟ್‌ಬುಕ್‌ನ್ಯಾಗ ಅದ, ಅದು ಮೂಲಕ್ಕ ಗ್ವಾಟೆಮಾಲಾದ ಹಳ್ಳಿ ಸೂಲಗಿತ್ತೇರ ಕಡಿಂದ ಬಂದ ವಿದ್ಯೆ. ಖರೆ, ಒಂದು ಎಚ್ಚರ ಇರ್ಲಿ. ಫಾರ್ಮ್‌ನ ಹೆಣ್ಣುಮಕ್ಕಳು ಉಂಡು ತಿಂದು ಗಟ್ಟಿ ಇದ್ದವರು. ನಿಮ್ಮ ಮುಂದ ಬರೋಳು ಹಿಮೋಗ್ಲೋಬಿನ್ ಏಳು, ಹದಿನೆಂಟು ತುಂಬ್ಯಾದೋ ಇಲ್ಲೋ, ತಾಯಿ ಕಾರ್ಡ್‌ನ್ಯಾಗ ಅರ್ಧ ಕಾಲಂ ಖಾಲಿ. ಅಕಿಗಿ ಆ ಪುಸ್ತಕದ ಧೈರ್ಯ ಕೊಡ್ರಿ, ಆ ಪುಸ್ತಕದ ಭರವಸಿ ಕೊಡಬ್ಯಾಡ್ರಿ.

ಮಿಶೆಲ್ ಓಡಾಂ, ಫ್ರಾನ್ಸಿನ ಡಾಕ್ಟರ್, ದೀಪ ಸಣ್ಣ ಮಾಡು, ಮಾತು ಕಡಿಮಿ ಮಾಡು, ಹೆಣ್ಣುಮಗಳಿಗಿ ದಿಟ್ಟಿಸಿ ನೋಡಬ್ಯಾಡ ಅಂತಾರ. ಅವರ 'ಬರ್ತ್ ರಿಬಾರ್ನ್' ಒಂದು ಸಲ ಓದಿದ್ರ ಸಾಕು. ಗಂಡ ಹೊರಗಿರ್ಲಿ ಅನ್ನೋ ಅವರ ಹಟಕ್ಕ ನಾ ಒಪ್ಪಲ್ಲ, ಆದ್ರ ಹತ್ತು ಮಂದಿ ಸ್ಟೂಡೆಂಟ್ಸ್ ಸುತ್ತಾ ನಿಂತಾಗ ಯಾರಿಗಾದ್ರೂ ಬ್ಯಾನಿ ನಿಲ್ತಾವ ಅನ್ನೋದು ಖರೆ. ಜೊತಿ ಯಾರು ಇರಬೇಕು ಅನ್ನೋದಕ್ಕ ಕಾಕ್ರೇನ್‌ನ 2017ರ ವಿಮರ್ಶೆ ಓದ್ರಿ, 15 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಲೆಕ್ಕ, ಬಿಟ್ಟೂಬಿಡದಂಗ ಒಬ್ಬರು ಜೊತಿಗಿದ್ರ ಸಿಜರಿನ್ ಕಡಿಮಿ, ನೋವಿನ ಔಷಧ ಕಡಿಮಿ. ನಮ್ಮ ಕೇಂದ್ರ ಸರ್ಕಾರ 2016ರಾಗೇ ಸರ್ಕಾರಿ ದವಾಖಾನಿಯೊಳಗ ಒಬ್ಬರಿಗಿ ಬಿಡ್ರಿ, ತಾನೂ ಹಡೆದಾಕಿ ಇದ್ರ ಛಲೋ ಅಂತ ಹೇಳ್ಯಾದ. ಚೊಚ್ಚಲಕ್ಕ ತವರಿಗಿ ಬರ್ತಾರ ನಮ್ಮ ಕಡಿ, ಅವ್ವ ಬಾಗಿಲ ಹೊರಗೇ ಕುಂತಿರ್ತಾಳ. ಒಳಗ ಕರೀರಿ.

ಕನ್ನಡದಾಗ ಏನದ ಅಂತ ಕೇಳ್ತೀರಿ. ಡಾ. ಅನುಪಮಾ ನಿರಂಜನರ 'ತಾಯಿ ಮಗು' ಅದ, ಬಸರಿ ಹೆಣ್ಣುಮಕ್ಕಳಿಗಿ ಅಂತ ಬರದಿದ್ದು, ಇಲಾಜು ಹಳೇದಾಗಿರಬಹುದು ಆದ್ರ ಮಾತಾಡೋ ಧಾಟಿ ಕಲೀರಿ, ಬೈಯದೆ ಹ್ಯಾಂಗ ಹೇಳಬೇಕು ಅನ್ನೋದು. ನಮ್ಮಂಥ ಕೆಲಸದವರಿಗಿ ಅಂತ ಕನ್ನಡದಾಗ ಕೈಗಿ ಸಿಗೋದು ಕಡಿಮಿ. ಪಾವಗಡದ ಸೂಲಗಿತ್ತಿ ನರಸಮ್ಮ, 15 ಸಾವಿರಕ್ಕೂ ಹೆಚ್ಚು ಹೆರಿಗಿ ಮಾಡಿಸಿದಾಕಿ, 2018ರಾಗ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನ್ಯಾಗ ತೀರಿಹೋದ್ರು. ಅವರ ಕೈ ಏನ್ ತಿಳಕೊಂಡಿತ್ತೋ ಅದು ಬರಹಕ್ಕ ಇಳಿದಿದ್ರ ಇವತ್ತು ನಾ ಟೆನೆಸ್ಸಿ ಕಥಿ ಹೇಳೋ ಜರೂರತ್ತೇ ಇರಲಿಲ್ಲ. ಹಳೇದೆಲ್ಲಾ ಬಂಗಾರ ಅಂತಲೂ ಅಲ್ಲ ಮತ್ತ, ಹೊಕ್ಕಳಿಗಿ ಸಗಣಿ ಹಚ್ಚಿದ ಕೂಸು ನಾ ನೋಡೀನಿ.

ಒಂದೇ ಒಂದು ಕಡೀ ಮಾತು, ನ್ಯಾಚುರಲ್ ಅನ್ನೋ ಶಬ್ದದ ಬಗ್ಗೆ. ಕೂಸು ಹುಟ್ಟಿದ ಮ್ಯಾಲ ರಕ್ತ ಭಾಳ ಹೋಗಬಾರದು ಅಂತ ಕೊಡೋ ಹತ್ತು ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಬಿಡಬ್ಯಾಡ್ರಿ, ಯಾವ ಪುಸ್ತಕ ಏನೇ ಅನ್ಲಿ. ನಮ್ಮ ಆಯಿ ತಂಗಿ ಮಾಸು ಬಿದ್ದ ಮ್ಯಾಲ ರಕ್ತ ಹೋಗಿ ಹೋಗಿ ಎತ್ತಿನ ಗಾಡಿಯೊಳಗೇ ಸತ್ತಳಂತ. 2023ರಾಗ ಬಂದ ಇ-ಮೋಟಿವ್ ಅನ್ನೋ ಅಧ್ಯಯನ ಹುಡುಕಿ ಓದ್ರಿ, ತಾಯಿ ಕೆಳಗ ಅಳತಿ ಗೆರಿ ಇರೋ ಪ್ಲಾಸ್ಟಿಕ್ ಹಾಸಿ ರಕ್ತ ಅಳದು, ಎಲ್ಲಾ ಇಲಾಜು ಒಂದೇ ಸಲಕ್ಕ ಶುರು ಮಾಡಿದ್ದಕ್ಕ ಜೋರು ರಕ್ತಸ್ರಾವದ ಅನಾಹುತ 60 ಪರ್ಸೆಂಟ್ ಕಡಿಮಿ ಆಗ್ಯಾದ. ಹೆರಿಗಿ ಆಗೋ ತನಕ ನಿಧಾನ, ಆದ ಮ್ಯಾಲ ಜಲ್ದಿ. ನಾವು ಇಷ್ಟು ದಿನ ಉಲ್ಟಾ ಮಾಡೀವಿ, ಹೆರಿಗಿ ಮುಂದ ಗಡಿಬಿಡಿ, ಆದ ಮ್ಯಾಲ ಚಹಾ.

ಬ್ಯಾಗಿನ್ಯಾಗ ಸಿಮ್ಕಿನ್ ಪುಸ್ತಕ ಎರಡು ಕಾಪಿ ತಂದೀನಿ, ಶಿಫಾರಸಿನ ಪ್ರಿಂಟ್ ಐದು. ರಿಜಿಸ್ಟರ್‌ನ್ಯಾಗ ಹೆಸರು, ಡ್ಯೂಟಿ ಎಲ್ಲಿ, ಫೋನ್ ನಂಬರ್ ಬರದು ಒಯ್ರಿ. ಹೋದ ವರ್ಷ ಸೇಡಂ ಕಡಿಯಿಂದ ಬಂದಿದ್ದ ಒಬ್ಬ ತಂಗಿ ಐನಾ ಮೇ ಪುಸ್ತಕ ಒಯ್ದಾಕಿ ಇನ್ನೂ ತಂದಿಲ್ಲ, ಇಲ್ಲೇ ಕುಂತಾಳ, ನಗ್ಲತ್ತಾಳ ನೋಡ್ರಿ.